ಏರುಪೇರಾದ ನೆಲದಲ್ಲಿ ವಿದ್ಯುತ್ ಸ್ಟ್ಯಾಕರ್: ದೋಷ ಯಂತ್ರದ್ದೋ, ನೆಲದ್ದೋ?

ಮುಂಬಯಿ, ಪುಣೆ, ಹೈದರಾಬಾದುಗಳ ಹಳೆಯ ಗೋದಾಮುಗಳಲ್ಲಿ ಶಹಾಬಾದಿ ಕಲ್ಲು ಹಾಸಿದ ನೆಲವನ್ನು ಈಗಲೂ ಕಾಣಬಹುದು. ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತ ಈ ಫರಸಿ, ಹಮಾಲರ ಕಾಲಿಗೂ ಕೈಗಾಡಿಯ ದೊಡ್ಡ ಚಕ್ರಕ್ಕೂ ತಕ್ಕುದಾಗಿತ್ತು. ಪ್ಯಾಲೆಟ್ಟಿನ ಸರಕನ್ನು ಮೇಲೆತ್ತಿ ಕಪಾಟಿನಲ್ಲಿರಿಸುವ ವಿದ್ಯುತ್ ಸ್ಟ್ಯಾಕರಿಗೆ ಅದು ಒಗ್ಗುವುದಿಲ್ಲ. ಅದರ ಮುಂಗಾಲುಗಳಲ್ಲಿರುವ ಪಾಲಿಯುರೆಥೇನ್ ಚಕ್ರಗಳ ವ್ಯಾಸ ಸಾಮಾನ್ಯವಾಗಿ ಸುಮಾರು 80 ಮಿಲಿಮೀಟರ್ ಮಾತ್ರ. ಒಂದು ಕಲ್ಲಿನ ಅಂಚು ಬೆರಳಿನಷ್ಟು ಎದ್ದಿದ್ದರೂ ಇಂಥ ಚಕ್ರಕ್ಕೆ ಅದು ಮೆಟ್ಟಿಲೇ ಸರಿ.

ಯಂತ್ರವು ಮುಗ್ಗರಿಸತೊಡಗಿದಾಗ ಬಿಚ್ಚುವುದಕ್ಕೆ ಮೊದಲು ಒಂದು ಪರೀಕ್ಷೆ ಮಾಡತಕ್ಕದ್ದು. ಅದೇ ಹೊರೆಯನ್ನು ಸಮತಟ್ಟಾದ, ಒಣಗಿದ ನೆಲದ ಮೇಲೆ ನಡೆಸಿ ನೋಡಬೇಕು. ಅಲ್ಲಿ ಸರಾಗವಾಗಿ ಚಲಿಸಿದರೆ ದೋಷವು ಬಹುಮಟ್ಟಿಗೆ ನೆಲದ್ದು. ಅಲ್ಲಿಯೂ ತಿಣುಕಿದರೆ ಬ್ಯಾಟರಿ, ಬ್ರೇಕು, ಚಕ್ರಗಳನ್ನು ಪರಿಶೀಲಿಸಬೇಕು. ಪೆಟ್ಟಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಅಚ್ಚಿಗೆ ಸುತ್ತಿಕೊಂಡು ಚಕ್ರ ಬಿಗಿಯುವುದು ತೀರ ಸಾಮಾನ್ಯವಾದ ಕಾರಣ. ಕೈಯಿಡುವ ಮುನ್ನ ಫೋರ್ಕನ್ನು ಕೆಳಗಿಳಿಸಿ, ಕೀಲಿ ತೆಗೆದು, ಬ್ಯಾಟರಿಯ ಪ್ಲಗ್ಗನ್ನು ಕಳಚಲೇಬೇಕು.

ತೊಂದರೆಯ ಬಗೆಯನ್ನು ಕಿವಿಯಿಂದಲೇ ಅರಿಯಬಹುದು. ಮೋಟಾರು ಗುಂಯ್‌ಗುಟ್ಟಿ ನಿಂತುಬಿಟ್ಟರೆ ಮುಂಗಾಲಿನ ಚಕ್ರ ಬಿರುಕಿನಲ್ಲಿ ಸಿಕ್ಕಿಕೊಂಡಿರಬಹುದು. ಪುನಃ ಪುನಃ ಒತ್ತಾಯಿಸಿದರೆ ವಿದ್ಯುತ್ ಪ್ರವಾಹ ಹೆಚ್ಚಿ ನಿಯಂತ್ರಕವು ತಾನಾಗಿ ಕಡಿದುಕೊಳ್ಳುತ್ತದೆ. ಮೋಟಾರು ಓಡುತ್ತಿದ್ದು ಯಂತ್ರ ಮಾತ್ರ ಕದಲದಿದ್ದರೆ ಚಾಲಕ ಚಕ್ರಕ್ಕೆ ನೆಲದ ಹಿಡಿತವಿಲ್ಲವೆಂದು ತಿಳಿಯಬೇಕು. ನೆಲದ ಎಣ್ಣೆ, ನೀರು, ಧೂಳು ಇದಕ್ಕೆ ಕಾರಣವಾಗಬಹುದು. ಆದರೆ ಅನೇಕರ ಗಮನಕ್ಕೆ ಬಾರದ ಕಾರಣ ಇನ್ನೊಂದಿದೆ. ಹಲವು ಮಾದರಿಗಳಲ್ಲಿ ಚಾಲಕ ಚಕ್ರದ ಪಕ್ಕದಲ್ಲಿ ಸಮತೋಲನಕ್ಕಾಗಿ ಚಿಕ್ಕ ಗಾಲಿಗಳಿರುತ್ತವೆ. ಚಾಲಕ ಚಕ್ರ ಸವೆದು ವ್ಯಾಸ ಕುಗ್ಗಿದಂತೆಲ್ಲ ಭಾರವು ಈ ಗಾಲಿಗಳಿಗೆ ವರ್ಗವಾಗುತ್ತದೆ. ನೆಲದಲ್ಲಿ ತಗ್ಗು ಸಿಕ್ಕಾಗ ಗಾಲಿಗಳು ಅಂಚಿನ ಮೇಲೆ ನಿಂತು ಚಾಲಕ ಚಕ್ರ ತೂಗಾಡುತ್ತದೆ. ಹೊಸ ಬ್ಯಾಟರಿ ಕೊಂಡರೆ ಇದು ವಾಸಿಯಾಗದು. ಸವೆದ ಚಕ್ರವನ್ನು ಬದಲಿಸಿ, ತಯಾರಕರ ಕೈಪಿಡಿಯಂತೆ ಗಾಲಿಗಳ ಎತ್ತರವನ್ನು ಸರಿಪಡಿಸಬೇಕು.

ಸಿಕ್ಕಿಕೊಳ್ಳುವುದಕ್ಕಿಂತ ವಾಲುವುದು ಹೆಚ್ಚು ಅಪಾಯಕರ. ಎಡಬಲ ಚಕ್ರಗಳ ನಡುವೆ 500 ಮಿಲಿಮೀಟರ್ ಅಂತರವಿದ್ದು, ಒಂದು ಚಕ್ರ 5 ಮಿಲಿಮೀಟರ್ ತಗ್ಗಿಗಿಳಿಯಿತೆಂದುಕೊಳ್ಳಿ. 3 ಮೀಟರ್ ಎತ್ತರದಲ್ಲಿರುವ ಹೊರೆಯು ಆಗ ಸುಮಾರು 30 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಕಂಬದ ಬಳುಕು, ಹಠಾತ್ ಬ್ರೇಕು ಇವೆರಡೂ ಸೇರಿದರೆ ಹೊರೆ ಉರುಳಬಹುದು. ಆದುದರಿಂದ ಸಾಗಿಸುವಾಗ ಪ್ಯಾಲೆಟ್ಟನ್ನು ನೆಲ ತಾಕದಷ್ಟು ಮಾತ್ರ ಎತ್ತಿರಬೇಕು. ಸಂದುಗಳನ್ನು ನೇರವಾಗಿ, ನಿಧಾನವಾಗಿ ದಾಟಬೇಕು. ವಾಲುತ್ತಿರುವ ಹೊರೆಯನ್ನು ಭುಜಕೊಟ್ಟು ತಡೆಯಲು ಸಹಾಯಕನನ್ನು ನಿಲ್ಲಿಸುವ ರೂಢಿ ಕೆಲವೆಡೆ ಇದೆ. ಇದು ಪ್ರಾಣಕ್ಕೆರವಾಗುವ ರೂಢಿ; ಕೂಡಲೇ ನಿಲ್ಲಬೇಕು.

ನೆಲವನ್ನು ಸುಸ್ಥಿತಿಯಲ್ಲಿಡುವುದು ಚಾಲಕನ ಕೆಲಸವಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 32ನೆಯ ಪ್ರಕರಣವೇ ಕಾರ್ಖಾನೆಯ ನೆಲ ಹಾಗೂ ಹಾದಿಗಳು ಗಟ್ಟಿಯಾಗಿ, ಸುಸ್ಥಿತಿಯಲ್ಲಿರಬೇಕೆಂದು ವಿಧಿಸಿತ್ತು. ಇಡೀ ಗೋದಾಮನ್ನು ಅಗೆಯಬೇಕಾಗಿಲ್ಲ; ಯಂತ್ರ ಓಡಾಡುವ ಹಾದಿಯಷ್ಟನ್ನು ಸರಿಪಡಿಸಿದರೂ ಸಾಕು. ಸಡಿಲವಾದ ಕಲ್ಲನ್ನು ಕಿತ್ತು ಕಾಂಕ್ರೀಟು ಹಾಕಿಸುವುದು, ಒಡೆದ ಸಂದುಗಳಿಗೆ ಎಪಾಕ್ಸಿ ತುಂಬಿಸುವುದು ಬಾಳಿಕೆಯ ಕ್ರಮಗಳು. ತಾತ್ಕಾಲಿಕವಾಗಿ ಉಕ್ಕಿನ ತಗಡು ಹಾಸುವುದಾದರೆ ಅದರ ಅಂಚನ್ನು ಇಳಿಜಾರಾಗಿ ಸವರಿ, ಜರುಗದಂತೆ ನೆಲಕ್ಕೆ ಬಿಗಿಸಬೇಕು. ಸುಮ್ಮನೆ ಹಾಸಿದ ತಗಡು ಚಕ್ರದ ತಳ್ಳುವಿಕೆಗೆ ಜಾರಿ, ಹಿಂದಿನ ಗುಂಡಿಗಿಂತ ಕೆಟ್ಟ ಅಡಚಣೆಯಾಗುತ್ತದೆ.