ನಿಮಗಿದು ಗೊತ್ತೆ? ಚಕ್ರದ ಕಪ್ಪು ಬರೀ ಧೂಳಲ್ಲ
ಕಾರಿನ ಮುಂದಿನ ಚಕ್ರಗಳೇ ಬೇಗ ಕಪ್ಪಾಗುವುದೇಕೆ? ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಹೆಚ್ಚು ದುಡಿಯುವುದು, ಸವೆಯುವುದು ಮುಂದಿನ ಬ್ರೇಕುಗಳೇ. ಡಿಸ್ಕ್, ಪ್ಯಾಡ್‌ಗಳಿಂದ ಉದುರುವ ಬಿಸಿ ಕಬ್ಬಿಣದ ಕಣಗಳು ಚಕ್ರಕ್ಕೂ ಅಕ್ಕಪಕ್ಕದ ಬಣ್ಣಕ್ಕೂ ಕಚ್ಚಿಕೊಂಡು, ನೀರು ತಾಗಿದಾಗ ತುಕ್ಕು ಹಿಡಿದು ಕಂದು ಚುಕ್ಕೆಗಳಾಗುತ್ತವೆ. ಶಾಂಪೂಗೆ ಇವು ಜಗ್ಗುವುದಿಲ್ಲ. ಗಸಗಸ ಉಜ್ಜಿದರೆ ಗೀರು ಬೀಳುವುದಷ್ಟೇ ಲಾಭ! ‘ಐರನ್ ರಿಮೂವರ್’ ಸಿಂಪಡಿಸಿದರೆ ಕಬ್ಬಿಣವಿದ್ದಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಅದರಲ್ಲಿರುವ ಥಯೋಗ್ಲೈಕೊಲೇಟ್, ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ದ್ರಾವಣದಲ್ಲೂ ಇರುತ್ತದೆ. ಮೂಗು ಮುಚ್ಚಿಸುವ ವಾಸನೆಯೂ ಅದರದೇ. ಐರನ್ ರಿಮೂವರನ್ನು ಚಕ್ರ ತಣ್ಣಗಿದ್ದಾಗಲೇ ಸಿಂಪಡಿಸಿ, ಒಣಗುವ ಮುನ್ನ ಚೆನ್ನಾಗಿ ತೊಳೆಯಿರಿ.