ಅರ್ಧಕ್ಕೇ ನಿಂತ ಟ್ರಯಲ್

ಲ್ಯಾಬ್‌ನಲ್ಲಿ ರೀಡಿಂಗ್ ಚೆನ್ನಾಗಿ ಬಂತು ಅಂತ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರೆ ಸರ್ ನಮ್ಮನ್ನು ಸುಮ್ಮನೆ ಬಿಡ್ತಾರಾ? ಅಮೆರಿಕದ ‘ಸ್ಪ್ರಿಂಟ್’ ಎಂಬ ಕ್ಲಿನಿಕಲ್ ಟ್ರಯಲ್ ಅನ್ನು 2015ರಲ್ಲಿ ಹಾಗೇ ನಿಲ್ಲಿಸಿದರು.

50 ದಾಟಿದ, ಬಿಪಿ ಇರುವ, ಆದರೆ ಸಕ್ಕರೆ ಕಾಯಿಲೆ ಇಲ್ಲದ 9,361 ಜನರನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಒಂದರಲ್ಲಿ ಮೇಲಿನ ಬಿಪಿ 140ರ ಒಳಗಿರಬೇಕು, ಇನ್ನೊಂದರಲ್ಲಿ 120ರ ಒಳಗೆ. ಲಾಟರಿ ಯಾಕೆ? ಡಾಕ್ಟರೇ ಆರಿಸಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಡಬಹುದು. ಆಮೇಲೆ ಗುಣ ಕಂಡದ್ದು ಮಾತ್ರೆಯಿಂದಲೋ, ಅವರ ಮೈಕಟ್ಟಿನಿಂದಲೋ ಗೊತ್ತಾಗಲ್ಲ.

ಮೂರು ವರ್ಷ ದಾಟುವಷ್ಟರಲ್ಲಿ 120ರ ಗುಂಪಿನಲ್ಲಿ ಹೃದಯಾಘಾತದಂಥ ತೊಂದರೆಗಳೂ ಸಾವುಗಳೂ ಸುಮಾರು ಕಾಲು ಭಾಗ ಕಡಿಮೆ ಕಂಡವು. ಇದು ಗೊತ್ತಿದ್ದೂ ಇನ್ನೊಂದು ಗುಂಪಿನವರನ್ನು ಹಾಗೇ ಬಿಡೋದು ಹೇಗೆ? ನಿಲ್ಲಿಸಿದ್ದು ಸರಿ ಅಂತಲೇ ನಮಗೂ ಅನ್ನಿಸುತ್ತೆ.

ಆದರೆ ಅದೇ ಜನರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯನ್ನೂ ಗಮನಿಸುತ್ತಿದ್ದರು. ಅದು ಕಾಣಿಸಿಕೊಳ್ಳೋಕೆ ವರ್ಷಗಟ್ಟಲೆ ಬೇಕು. ಚಿಕಿತ್ಸೆ ಬೇಗ ನಿಂತರೂ ನೆನಪಿನ ಪರೀಕ್ಷೆ ಮುಂದುವರಿಸಿದರು. 2019ರ ವರದಿಯಲ್ಲಿ 120ರ ಗುಂಪಿನಲ್ಲಿ 149 ಮಂದಿಗೆ, ಇನ್ನೊಂದರಲ್ಲಿ 176 ಮಂದಿಗೆ ಡಿಮೆನ್ಷಿಯಾ. ವ್ಯತ್ಯಾಸವೇನೋ ಇದೆ, ಆದರೆ ಇದು ಆಕಸ್ಮಿಕವಲ್ಲ ಅಂತ ಹೇಳಲು ಅಂಕಿಅಂಶಗಳ ಲೆಕ್ಕಕ್ಕೆ ಸಾಲಲಿಲ್ಲ. ಅದಕ್ಕೂ ಮುಂಚಿನ, ನೆನಪು ಸ್ವಲ್ಪ ಕುಂದುವ ಹಂತದಲ್ಲಿ ಮಾತ್ರ (287ಕ್ಕೆ 353) ವ್ಯತ್ಯಾಸ ಸ್ಪಷ್ಟವಾಗಿತ್ತು.

ಅಂದ ಹಾಗೆ, ಇದನ್ನೋದಿ ತಾತನ ಬಿಪಿ ಮಾತ್ರೆ ನಾವೇ ಜಾಸ್ತಿ ಮಾಡೋದು ಬೇಡ. 120ರ ಗುಂಪಿನಲ್ಲಿ ಬಿಪಿ ತೀರಾ ಇಳಿಯೋದು, ಕಿಡ್ನಿ ತೊಂದರೆ ಹೆಚ್ಚೇ ಇದ್ದವು.