‘ವಿಜ್ಞಾನಿ’ ಗಂಡೋ ಹೆಣ್ಣೋ?



ಇಂಗ್ಲಿಷಿನಲ್ಲಿ ಬಾಹ್ಯಾಕಾಶಯಾನಕ್ಕೆ ಬಹುಕಾಲ ‘ಮ್ಯಾನ್ಡ್’ ಎಂಬ ವಿಶೇಷಣವೇ ನಡೆದುಬಂತು. 1963ರಲ್ಲೇ ಸೋವಿಯತ್ ಒಕ್ಕೂಟದ ವ್ಯಾಲೆಂಟಿನಾ ತೆರೆಶ್ಕೋವಾ ಒಬ್ಬರೇ ಭೂಮಿಗೆ 48 ಸುತ್ತು ಹಾಕಿ ಬಂದರೂ ಆ ‘ಮ್ಯಾನ್’ ಕದಲಲಿಲ್ಲ! ಈಗೀಗ ನಾಸಾ ‘ಕ್ರೂಡ್’ ಎನ್ನುತ್ತಿದೆ.

ನಮ್ಮ ವಿಜ್ಞಾನಿ, ಗಗನಯಾತ್ರಿ ಎಂಬ ಪದಗಳು ಇಬ್ಬರಿಗೂ ಸಲ್ಲುತ್ತವೆ. ತೊಡಕಿರುವುದು ಕ್ರಿಯಾಪದದ ಬಾಲದಲ್ಲಿ. ‘ವಿಜ್ಞಾನಿ ಕಂಡುಹಿಡಿದನು’ ಎಂದು ಬರೆದೊಡನೆ ಆ ವಿಜ್ಞಾನಿಗೆ ಮೀಸೆ ಮೂಡುತ್ತದೆ. ‘ಕಂಡುಹಿಡಿದರು’ ಎನ್ನಿ, ಗೌರವವೂ ಬಂತು, ಮೀಸೆಯೂ ಹೋಯಿತು. ನಿಮ್ಮ ಮರಾಠಿ ಗೆಳೆಯರಿಗೆ ಈ ಸೌಕರ್ಯವಿಲ್ಲ. ಅವರಲ್ಲಿ ಗೌರವದ ಬಹುವಚನಕ್ಕೂ ಲಿಂಗವುಂಟು: ಗಂಡಸಾದರೆ ‘ಆಲೇ’, ಹೆಂಗಸಾದರೆ ‘ಆಲ್ಯಾ’.

ಇದೆಲ್ಲ ಬರೀ ವ್ಯಾಕರಣದ ಚರ್ಚೆಯೆಂದು ಕೆಲವರು ಮೂಗು ಮುರಿಯಬಹುದು. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದ ಮುಂಬಯಿಯ ಕಮಲಾ ಭಾಗವತರನ್ನು (ಮುಂದೆ ಕಮಲಾ ಸೊಹೊನಿ) ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ಸೇರಿಸಿಕೊಳ್ಳಲಿಲ್ಲ. ವಿಜ್ಞಾನಿಯೆಂದರೆ ಗಂಡಸೇ ಎಂಬ ಚಿತ್ರ ಆ ಕಾಲದಲ್ಲಿ ಅಷ್ಟು ಗಟ್ಟಿಯಾಗಿತ್ತು. ಆಕೆ ಹಠ ಹಿಡಿದು ಸೇರಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಅಂಥವರನ್ನೂ ನಮ್ಮ ಪತ್ರಿಕೆಗಳು ‘ಮಹಿಳಾ ವಿಜ್ಞಾನಿ’ ಎಂದೇ ಬರೆಯುತ್ತವೆ. ರಾಮನ್‌ರನ್ನು ‘ಪುರುಷ ವಿಜ್ಞಾನಿ’ ಎಂದು ಬರೆದುದನ್ನು ನಾನಂತೂ ಕಂಡಿಲ್ಲ!